ಪರರಿಗಾಗಿ ಪ್ರಾರ್ಥನೆ (ಕ್ರೈಸ್ತ ಧರ್ಮಗ್ರಂಥದಲ್ಲಿ)

ಪರರಿಗಾಗಿ ಪ್ರಾರ್ಥನೆ ಅಥವಾ ಮಧ್ಯಸ್ಥಿಕೆಯ ಪ್ರಾರ್ಥನೆ ಎಂಬುದು ಒಬ್ಬ ವ್ಯಕ್ತಿಯು ಅಥವಾ ಒಂದು ಸಮುದಾಯವು ಇನ್ನೊಬ್ಬರ ಹಿತಕ್ಕಾಗಿ ದೇವರಲ್ಲಿ ಮಾಡುವ ಬಿನ್ನಹವಾಗಿದೆ. ಬೈಬಲಿನ ಹಳೆಯ ಒಡಂಬಡಿಕೆ ಮತ್ತು ಹೊಸ ಒಡಂಬಡಿಕೆಗಳೆರಡರಲ್ಲೂ ಇದಕ್ಕೆ ಅನೇಕ ನಿದರ್ಶನಗಳಿವೆ. ಅಬ್ರಹಾಮ, ಮೋಶೆ, ಸಮುವೇಲ, ಆಮೋಸ ಮುಂತಾದವರು ಜನರ ಪರವಾಗಿ ದೇವರೊಡನೆ ವಾದಿಸುವ ಪ್ರಸಂಗಗಳು ಹಳೆಯ ಒಡಂಬಡಿಕೆಯಲ್ಲಿವೆ. ಯೇಸು ಕ್ರಿಸ್ತನು ಶಿಷ್ಯರಿಗಾಗಿಯೂ ವಿರೋಧಿಗಳಿಗಾಗಿಯೂ ಮಾಡಿದ ಪ್ರಾರ್ಥನೆಗಳು ಹಾಗೂ ಪೌಲನ ಪತ್ರಗಳಲ್ಲಿರುವ ಪ್ರಾರ್ಥನೆಗಳು ಹೊಸ ಒಡಂಬಡಿಕೆಯಲ್ಲಿ ಮುಖ್ಯವಾದವು.

ಈ ಭಾಗಗಳನ್ನು ಒಟ್ಟಾಗಿ ಓದಿದಾಗ ಒಂದು ಸಮಾನ ಲಕ್ಷಣ ಕಂಡುಬರುತ್ತದೆ. ಪರರಿಗಾಗಿ ಬೇಡುವವನು ದೂರದಲ್ಲಿ ನಿಂತು ಶುಭ ಕೋರುವವನಲ್ಲ. ಅವನು ಆ ಪರರ ಸಂಕಟದಲ್ಲಿ ತಾನೂ ಪಾಲುದಾರನಾಗುತ್ತಾನೆ, ಅನೇಕ ವೇಳೆ ಅದಕ್ಕಾಗಿ ಬೆಲೆ ತೆರಲು ಸಿದ್ಧನಾಗುತ್ತಾನೆ. ಬೇಡಿದ್ದೆಲ್ಲವೂ ದೊರೆಯುತ್ತದೆ ಎಂದು ಗ್ರಂಥವು ಹೇಳುವುದಿಲ್ಲ. ಈಡೇರದ ಪ್ರಾರ್ಥನೆಗಳನ್ನೂ ನಿಷೇಧಿಸಲಾದ ಪ್ರಾರ್ಥನೆಗಳನ್ನೂ ಅದು ದಾಖಲಿಸಿದೆ. ಈ ಲೇಖನವು ಆ ಭಾಗಗಳ ಪರಿಚಯ, ಅವುಗಳ ವ್ಯಾಖ್ಯಾನದಲ್ಲಿ ಕ್ರೈಸ್ತ ಪಂಥಗಳ ನಡುವೆ ಇರುವ ಭಿನ್ನತೆ, ಮೈಸೂರು ನಗರದ ಮಂಡಿ ಮೊಹಲ್ಲಾ ಪರಿಸರದಲ್ಲಿ ಕಾಣುವ ಅದರ ರೂಪಗಳು ಹಾಗೂ ಅಧ್ಯಯನದ ಕ್ರಮವನ್ನು ಒಳಗೊಂಡಿದೆ.

ಪದವಿಚಾರ

ಹೀಬ್ರೂ ಭಾಷೆಯಲ್ಲಿ ಪ್ರಾರ್ಥಿಸುವುದಕ್ಕೆ ಸಾಮಾನ್ಯವಾಗಿ ಬಳಕೆಯಾಗುವ ಕ್ರಿಯಾಪದ ‘ಹಿತ್ಪಲ್ಲೇಲ್’. ಇನ್ನೊಬ್ಬರ ಪರವಾಗಿ ಬೇಡುವ ಸಂದರ್ಭಗಳಲ್ಲಿ ‘ಪಾಗಾ’ ಎಂಬ ಇನ್ನೊಂದು ಧಾತುವೂ ಬರುತ್ತದೆ. ಇದರ ಮೂಲಾರ್ಥ ಎದುರಾಗು, ಮೇಲೆ ಬೀಳು, ಸಂಧಿಸು ಎಂಬುದಾಗಿದೆ. ಈ ಪದ ದೇವರಿಗೆ ಸಲ್ಲಿಸುವ ಬೇಡಿಕೆಗೆ ಮಾತ್ರ ಮೀಸಲಲ್ಲ. ಪತ್ನಿಯ ಶವಸಂಸ್ಕಾರಕ್ಕಾಗಿ ಭೂಮಿಯನ್ನು ಕೊಳ್ಳಬೇಕಾದಾಗ ಅಬ್ರಹಾಮನು, ಎಫ್ರೋನನೊಡನೆ ತನ್ನ ಪರವಾಗಿ ಮಾತನಾಡಿರೆಂದು ಹಿತ್ತಿಯರನ್ನು ಕೇಳಿಕೊಳ್ಳುವಲ್ಲಿಯೂ (ಆದಿಕಾಂಡ 23:8) ಇದೇ ಧಾತು ಇದೆ. ಎಂದರೆ ಮಧ್ಯಸ್ಥಿಕೆಯ ಕಲ್ಪನೆ ನಿತ್ಯಜೀವನದ ವ್ಯವಹಾರದಿಂದಲೇ ಮೂಡಿದೆ.

ಗ್ರೀಕ್ ಭಾಷೆಯ ‘ಎಂಟ್ಯೂಕ್ಸಿಸ್’ ಎಂಬ ಪದಕ್ಕೂ ಇಂತಹುದೇ ಹಿನ್ನೆಲೆಯಿದೆ. ಟಾಲೆಮಿ ವಂಶದ ಅರಸರ ಕಾಲದ ಈಜಿಪ್ಟಿನಲ್ಲಿ ಪ್ರಜೆಗಳು ಅರಸನಿಗೆ ಸಲ್ಲಿಸುತ್ತಿದ್ದ ಅರ್ಜಿಗೆ ಈ ಹೆಸರಿತ್ತು. ಹೊಸ ಒಡಂಬಡಿಕೆಯಲ್ಲಿ ಈ ನಾಮಪದ ಎರಡೇ ಕಡೆ ಬರುತ್ತದೆ (1 ತಿಮೊಥೆಯ 2:1, 4:5). ಇದಕ್ಕೆ ಸಂಬಂಧಿಸಿದ ಕ್ರಿಯಾಪದವು ರೋಮಾಪುರದವರಿಗೆ ಬರೆದ ಪತ್ರದ 8ನೆಯ ಅಧ್ಯಾಯದಲ್ಲಿ ಹಾಗೂ ಇಬ್ರಿಯರಿಗೆ ಬರೆದ ಪತ್ರದ 7ನೆಯ ಅಧ್ಯಾಯದಲ್ಲಿ ಕಂಡುಬರುತ್ತದೆ.

ಕನ್ನಡ ಬೈಬಲಿನಲ್ಲಿ ವಿಜ್ಞಾಪನೆ, ಮನವಿ, ಬೇಡಿಕೊಳ್ಳು ಎಂಬ ಪದಗಳು ಈ ಅರ್ಥದಲ್ಲಿ ಬಳಕೆಯಾಗಿವೆ. ಸಂಸ್ಕೃತದ ‘ವಿಜ್ಞಾಪನ’ ಪದದ ತದ್ಭವ ರೂಪವೇ ಕನ್ನಡದ ‘ಬಿನ್ನಪ’ ಅಥವಾ ‘ಬಿನ್ನಹ’. ಅರಸನ ಮುಂದೆ ಅರಿಕೆ ಮಾಡಿಕೊಳ್ಳುವುದಕ್ಕೂ ದೇವರ ಮುಂದೆ ಬೇಡಿಕೊಳ್ಳುವುದಕ್ಕೂ ಒಂದೇ ಪದವನ್ನು ಬಳಸುವ ರೂಢಿ ಕನ್ನಡದಲ್ಲಿ ಮೊದಲಿನಿಂದಲೂ ಇದ್ದುದರಿಂದ, ಮೂಲಭಾಷೆಗಳ ಅರ್ಥಚ್ಛಾಯೆಯು ಕನ್ನಡ ಅನುವಾದದಲ್ಲಿ ಸಹಜವಾಗಿ ಉಳಿದುಬಂದಿದೆ. ಸಂಪೂರ್ಣ ಬೈಬಲಿನ ಮೊದಲ ಕನ್ನಡ ಅನುವಾದವು ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಅವರ ನೇತೃತ್ವದಲ್ಲಿ ಬಳ್ಳಾರಿಯಲ್ಲಿ ಸಿದ್ಧವಾಗಿ 1831ರಲ್ಲಿ ಪೂರ್ಣಗೊಂಡಿತು. ಆನಂತರ ಅದು ಹಲವು ಬಾರಿ ಪರಿಷ್ಕರಣೆಗೊಂಡಿದೆ.

ಹಳೆಯ ಒಡಂಬಡಿಕೆಯಲ್ಲಿ

ಅಬ್ರಹಾಮ

ಸೊದೋಮ್ ಪಟ್ಟಣದ ನಾಶವನ್ನು ತಡೆಯಲು ಅಬ್ರಹಾಮನು ದೇವರೊಡನೆ ನಡೆಸುವ ಸಂವಾದವು (ಆದಿಕಾಂಡ 18:22–33) ಬೈಬಲಿನಲ್ಲಿ ಬರುವ ಮೊದಲ ವಿಸ್ತೃತ ಮಧ್ಯಸ್ಥಿಕೆಯ ಪ್ರಸಂಗ. ಪಟ್ಟಣದಲ್ಲಿ 50 ಮಂದಿ ನೀತಿವಂತರಿದ್ದರೆ ಅದನ್ನು ಉಳಿಸಬೇಕೆಂದು ಆರಂಭಿಸುವ ಅವನು ಕ್ರಮವಾಗಿ 45, 40, 30, 20 ಮತ್ತು ಕೊನೆಗೆ 10ಕ್ಕೆ ಇಳಿಯುತ್ತಾನೆ. ಲೋಕಕ್ಕೆಲ್ಲ ನ್ಯಾಯ ತೀರಿಸುವವನು ತಾನೇ ಅನ್ಯಾಯ ಮಾಡಬಹುದೇ ಎಂಬುದು ಅವನ ವಾದದ ತಿರುಳು. ಅವನು ಬೇಡುವುದು ಕೇವಲ ತನ್ನ ಬಂಧುವಾದ ಲೋಟನ ಮನೆಯವರಿಗಾಗಿ ಅಲ್ಲ, ಇಡೀ ಪಟ್ಟಣಕ್ಕಾಗಿ. ಅಂತಿಮವಾಗಿ 10 ಮಂದಿಯೂ ಸಿಗದೆ ಪಟ್ಟಣ ನಾಶವಾಗುತ್ತದೆ, ಲೋಟನು ಪಾರಾಗುತ್ತಾನೆ. ಅಬ್ರಹಾಮನು ಗೆರಾರಿನ ಅರಸನಾದ ಅಬೀಮೆಲೆಕನಿಗಾಗಿ ಪ್ರಾರ್ಥಿಸಿದಾಗ ಆ ಮನೆಯವರಿಗೆ ಗುಣವಾದ ಪ್ರಸಂಗವೂ ಇದೆ (ಆದಿಕಾಂಡ 20:7, 17). ಅಲ್ಲಿನ ವಿಶೇಷವೆಂದರೆ ತಪ್ಪು ಮಾಡಿದ್ದವನು ಅಬ್ರಹಾಮನೇ. ಪ್ರಾರ್ಥಿಸುವವನು ನಿರ್ದೋಷಿಯಾಗಿಯೇ ಇರಬೇಕೆಂಬ ನಿಯಮವನ್ನು ಕಥೆಯು ಒಡ್ಡುವುದಿಲ್ಲ.

ಮೋಶೆ

ಇಸ್ರಾಯೇಲರು ಚಿನ್ನದ ಬಸವನನ್ನು ಮಾಡಿಕೊಂಡು ಪೂಜಿಸಿದಾಗ ಮೋಶೆಯು ಅವರ ಪರವಾಗಿ ನಿಲ್ಲುತ್ತಾನೆ (ವಿಮೋಚನಕಾಂಡ 32). ಈ ಜನರನ್ನು ಅಳಿಸಿ ನಿನ್ನಿಂದಲೇ ಹೊಸ ಜನಾಂಗವನ್ನು ಮಾಡುವೆನೆಂದು ದೇವರು ಹೇಳಿದಾಗ ಅವನು ಆ ಲಾಭವನ್ನು ಒಪ್ಪಿಕೊಳ್ಳುವುದಿಲ್ಲ. ಅವನು ಮುಂದಿಡುವ ಆಧಾರಗಳು ಮೂರು: ಈ ಜನರನ್ನು ಈಜಿಪ್ಟಿನಿಂದ ಹೊರತಂದವನು ದೇವರೇ, ಇವರು ನಾಶವಾದರೆ ಈಜಿಪ್ಟಿನವರು ಆಡಿಕೊಳ್ಳುವರು, ಪೂರ್ವಜರಿಗೆ ಕೊಟ್ಟ ಮಾತು ಸುಳ್ಳಾಗಬಾರದು. ಜನರ ಯೋಗ್ಯತೆಯು ಈ ಆಧಾರಗಳಲ್ಲಿ ಸೇರಿಲ್ಲ ಎಂಬುದು ಗಮನಾರ್ಹ. ಬಳಿಕ ಅವನು, ಇವರನ್ನು ಕ್ಷಮಿಸದಿದ್ದರೆ ನಿನ್ನ ಪುಸ್ತಕದಿಂದ ನನ್ನ ಹೆಸರನ್ನೂ ಅಳಿಸಿಬಿಡು ಎಂಬ ಅರ್ಥದ ಮಾತನ್ನಾಡುತ್ತಾನೆ (32:32). ಈ ಪ್ರಸಂಗವನ್ನು ನೆನೆಯುವ 106ನೆಯ ಕೀರ್ತನೆಯು, ಕೋಟೆಯ ಗೋಡೆ ಬಿರುಕುಬಿಟ್ಟ ಜಾಗದಲ್ಲಿ ಅಡ್ಡವಾಗಿ ನಿಂತ ಯೋಧನಿಗೆ ಮೋಶೆಯನ್ನು ಹೋಲಿಸುತ್ತದೆ.

ಮೋಶೆಯ ಇನ್ನೊಂದು ಪ್ರಾರ್ಥನೆಯು ಅದರ ಸಂಕ್ಷಿಪ್ತತೆಯಿಂದ ಪ್ರಸಿದ್ಧವಾಗಿದೆ. ತನ್ನ ವಿರುದ್ಧ ಮಾತನಾಡಿದ ಸೋದರಿ ಮಿರ್ಯಾಮಳಿಗೆ ಚರ್ಮರೋಗ ತಗಲಿದಾಗ ಅವಳಿಗಾಗಿ ಅವನು ಮಾಡುವ ಬೇಡಿಕೆಯಲ್ಲಿ ಹೀಬ್ರೂ ಮೂಲದಲ್ಲಿ ಐದೇ ಪದಗಳಿವೆ (ಅರಣ್ಯಕಾಂಡ 12:13). ಆದರೂ ಆಕೆ ಏಳು ದಿನ ಪಾಳೆಯದ ಹೊರಗಿರಬೇಕಾಗುತ್ತದೆ. ಜನರೆಲ್ಲರೂ ಆಕೆಗಾಗಿ ಕಾಯುತ್ತಾರೆ. ಕ್ಷಮೆ ದೊರೆತರೂ ತಪ್ಪಿನ ಪರಿಣಾಮ ಪೂರ್ತಿಯಾಗಿ ಅಳಿಯದಿರುವುದು ಈ ಕಥೆಗಳಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿ.

ಸಮುವೇಲ ಮತ್ತು ಯೋಬ

ಜನರು ತಮಗೊಬ್ಬ ಅರಸನು ಬೇಕೆಂದು ಕೇಳಿದ್ದು ಸಮುವೇಲನಿಗೆ ನೋವನ್ನುಂಟುಮಾಡಿತ್ತು. ಆದರೂ ಅವನು, ಅವರಿಗಾಗಿ ಪ್ರಾರ್ಥಿಸುವುದನ್ನು ನಿಲ್ಲಿಸಿದರೆ ಅದು ದೇವರಿಗೆ ವಿರುದ್ಧವಾದ ಪಾಪವಾಗುತ್ತದೆಂದು ಹೇಳಿ, ಅವರಿಗೆ ಒಳ್ಳೆಯ ಮಾರ್ಗವನ್ನು ಬೋಧಿಸುವ ಹೊಣೆಯನ್ನೂ ವಹಿಸಿಕೊಳ್ಳುತ್ತಾನೆ (1 ಸಮುವೇಲ 12:23). ಇಲ್ಲಿ ಪರರಿಗಾಗಿ ಪ್ರಾರ್ಥನೆಯು ಔದಾರ್ಯವಲ್ಲ, ಕರ್ತವ್ಯ.

ಯೋಬನ ಗ್ರಂಥದ ಕೊನೆಯಲ್ಲಿ, ಅವನ ಕಷ್ಟಕಾಲದಲ್ಲಿ ಅವನನ್ನೇ ದೂಷಿಸಿದ್ದ ಮೂವರು ಗೆಳೆಯರಿಗಾಗಿ ಯೋಬನು ಪ್ರಾರ್ಥಿಸುತ್ತಾನೆ. ಅವನ ಸ್ಥಿತಿ ಸುಧಾರಿಸುವುದು ಈ ಪ್ರಾರ್ಥನೆಯ ಸಂದರ್ಭದಲ್ಲಿಯೇ (ಯೋಬ 42:8–10).

ಪ್ರವಾದಿಗಳು

ಆಮೋಸನು ಮಿಡತೆಗಳ ಮತ್ತು ಬೆಂಕಿಯ ದರ್ಶನಗಳನ್ನು ಕಂಡಾಗ ಎರಡು ಬಾರಿ ಜನರ ಪರವಾಗಿ ಬೇಡುತ್ತಾನೆ. ಎರಡು ಬಾರಿಯೂ ಶಿಕ್ಷೆ ನಿಲ್ಲುತ್ತದೆ. ತೂಗುಗುಂಡಿನ ಮೂರನೆಯ ದರ್ಶನದಲ್ಲಿ ಅವನು ಬೇಡುವುದಿಲ್ಲ (ಆಮೋಸ 7:1–9). ಯೆರೆಮೀಯನಿಗಂತೂ ಈ ಜನರಿಗಾಗಿ ಪ್ರಾರ್ಥಿಸಬಾರದೆಂಬ ಆಜ್ಞೆಯೇ ಮೂರು ಕಡೆ ಬರುತ್ತದೆ (ಯೆರೆಮೀಯ 7:16, 11:14, 14:11). ಮೋಶೆ ಮತ್ತು ಸಮುವೇಲರೇ ಬಂದು ನಿಂತರೂ ಫಲವಿಲ್ಲವೆಂದು ಮುಂದೆ ಹೇಳಲಾಗಿದೆ (15:1). ಬಡವರನ್ನು ಶೋಷಿಸುತ್ತ ದೇವಾಲಯದ ಆಶ್ರಯವನ್ನು ನೆಚ್ಚಿಕೊಂಡ ಸಮಾಜಕ್ಕೆ ಪ್ರಾರ್ಥನೆಯು ರಕ್ಷಾಕವಚವಾಗದು ಎಂಬುದು 7ನೆಯ ಅಧ್ಯಾಯದ ಸಂದರ್ಭದಿಂದ ತಿಳಿಯುತ್ತದೆ. ಯೆಹೆಜ್ಕೇಲನ ಗ್ರಂಥದಲ್ಲಿ ಇದಕ್ಕೆ ಪೂರಕವಾದ ಚಿತ್ರವಿದೆ: ಬಿರುಕಿನಲ್ಲಿ ನಿಲ್ಲಬಲ್ಲ ಒಬ್ಬನನ್ನು ದೇವರು ಹುಡುಕಿದರೂ ಯಾರೂ ಸಿಗುವುದಿಲ್ಲ (22:30).

ಇದೇ ಯೆರೆಮೀಯನು ಬಾಬೆಲಿಗೆ ಸೆರೆ ಹೋದವರಿಗೆ ಬರೆದ ಪತ್ರವು (29:4–14) ಭಿನ್ನವಾದ ದಿಕ್ಕನ್ನು ತೋರಿಸುತ್ತದೆ. ಕ್ರಿ.ಪೂ. 597ರ ಗಡೀಪಾರಿನ ನಂತರದ ಈ ಪತ್ರವು, ಸೆರೆಯವರು ಆ ಪರದೇಶದ ಪಟ್ಟಣದಲ್ಲಿಯೇ ಮನೆ ಕಟ್ಟಿ, ತೋಟ ಮಾಡಿ, ಅದರ ಕ್ಷೇಮಕ್ಕಾಗಿ ಪ್ರಾರ್ಥಿಸಬೇಕೆಂದು ಹೇಳುತ್ತದೆ. ತಮ್ಮನ್ನು ಸೋಲಿಸಿದವರ ಪಟ್ಟಣವೂ ಪ್ರಾರ್ಥನೆಯ ವಿಷಯವಾಗುವುದು ಇಲ್ಲಿನ ಹೊಸತನ. ಬೇಡಿಕೆಯ ಜೊತೆಗೆ ದುಡಿಮೆಯನ್ನೂ ಈ ಪತ್ರವು ವಿಧಿಸುತ್ತದೆ.

ಯೆಶಾಯನ ಗ್ರಂಥದ 53ನೆಯ ಅಧ್ಯಾಯದಲ್ಲಿ ಬರುವ ಸಂಕಟಪಡುವ ಸೇವಕನು ಇತರರ ಪಾಪವನ್ನು ಹೊತ್ತು, ಅಪರಾಧಿಗಳಿಗಾಗಿ ವಿಜ್ಞಾಪನೆ ಮಾಡುತ್ತಾನೆ. ಮೋಶೆಯು ಸಿದ್ಧತೆಯನ್ನು ಮಾತ್ರ ತೋರಿಸಿದ್ದ ತ್ಯಾಗವು ಇಲ್ಲಿ ನೆರವೇರುತ್ತದೆ. ಕ್ರೈಸ್ತ ವ್ಯಾಖ್ಯಾನವು ಈ ಸೇವಕನನ್ನು ಯೇಸು ಕ್ರಿಸ್ತನೆಂದು ಅರ್ಥೈಸುತ್ತದೆ; ಯೆಹೂದಿ ವ್ಯಾಖ್ಯಾನ ಪರಂಪರೆಯಲ್ಲಿ ಅವನನ್ನು ಇಸ್ರಾಯೇಲ್ ಜನಾಂಗವೆಂದು ಅರ್ಥೈಸುವುದು ಪ್ರಮುಖವಾಗಿದೆ.

ಹೊಸ ಒಡಂಬಡಿಕೆಯಲ್ಲಿ

ಯೇಸುವಿನ ಬೋಧನೆ ಮತ್ತು ಪ್ರಾರ್ಥನೆ

ಪರ್ವತ ಪ್ರಸಂಗದಲ್ಲಿ ಯೇಸು ಹಿಂಸಿಸುವವರಿಗಾಗಿ ಪ್ರಾರ್ಥಿಸಬೇಕೆಂದು ಬೋಧಿಸುತ್ತಾನೆ (ಮತ್ತಾಯ 5:44). ಅವನು ಕಲಿಸಿದ ಪ್ರಾರ್ಥನೆಯಲ್ಲಿ ಆಹಾರ, ಕ್ಷಮೆ, ರಕ್ಷಣೆಗಳ ಬೇಡಿಕೆಗಳೆಲ್ಲವೂ ‘ನಾನು’ ಎಂಬ ಏಕವಚನದಲ್ಲಿರದೆ ‘ನಾವು’ ಎಂಬ ಬಹುವಚನದಲ್ಲಿವೆ (ಮತ್ತಾಯ 6:9–13). ಆದ್ದರಿಂದ ಅದನ್ನು ಒಬ್ಬಂಟಿಯಾಗಿ ಹೇಳುವವನೂ ಪರರಿಗಾಗಿ ಬೇಡಿದಂತಾಗುತ್ತದೆ.

ಸುವಾರ್ತೆಗಳಲ್ಲಿ ಸ್ವಸ್ಥತೆಯ ಅನೇಕ ಪ್ರಸಂಗಗಳು ಇನ್ನೊಬ್ಬರ ಕೋರಿಕೆಯಿಂದಲೇ ಆರಂಭವಾಗುತ್ತವೆ. ಶತಾಧಿಪತಿಯು ತನ್ನ ಆಳಿಗಾಗಿ (ಮತ್ತಾಯ 8:5–13), ಸಿರಿಯಾದ ಫಿನಿಷಿಯಾ ಪ್ರಾಂತದ ಹೆಂಗಸು ತನ್ನ ಮಗಳಿಗಾಗಿ (ಮಾರ್ಕ 7:24–30) ಬೇಡುತ್ತಾರೆ. ಇವರಿಬ್ಬರೂ ಯೆಹೂದ್ಯರಲ್ಲ. ಪಾರ್ಶ್ವವಾಯು ರೋಗಿಯನ್ನು ನಾಲ್ವರು ಹೊತ್ತುತಂದು ಮನೆಯ ಮಾಳಿಗೆಯನ್ನು ತೆಗೆದು ಇಳಿಸುವ ಪ್ರಸಂಗದಲ್ಲಿ (ಮಾರ್ಕ 2:1–12) ಹೊತ್ತವರು ಒಂದು ಮಾತನ್ನೂ ಆಡುವುದಿಲ್ಲ. ಅವರ ಕ್ರಿಯೆಯೇ ಬೇಡಿಕೆಯಾಗಿದೆ.

ಯೇಸು ಪೇತ್ರನಿಗಾಗಿ ಮಾಡಿದ ಪ್ರಾರ್ಥನೆಯು (ಲೂಕ 22:31–32) ಅವನ ಪರೀಕ್ಷೆ ತಪ್ಪಲಿ ಎಂದು ಕೋರುವುದಿಲ್ಲ, ಅವನ ನಂಬಿಕೆ ಕುಂದದಿರಲಿ ಎಂದು ಕೋರುತ್ತದೆ. ಪೇತ್ರನು ಮೂರು ಬಾರಿ ತನ್ನ ಗುರುವನ್ನು ಅರಿಯೆನೆಂದರೂ ಬಳಿಕ ಮರಳಿ ಇತರರನ್ನು ಬಲಪಡಿಸುವವನಾಗುತ್ತಾನೆ. ಯೋಹಾನನ ಸುವಾರ್ತೆಯ 17ನೆಯ ಅಧ್ಯಾಯವು ಪೂರ್ತಿಯಾಗಿ ಪ್ರಾರ್ಥನೆಯೇ ಆಗಿದ್ದು ಮಹಾಯಾಜಕನ ಪ್ರಾರ್ಥನೆ ಎಂದು ಪ್ರಸಿದ್ಧವಾಗಿದೆ. ಇದರ 26 ವಚನಗಳನ್ನು ಮೂರು ಭಾಗ ಮಾಡುವುದು ವಾಡಿಕೆ: ತನ್ನ ಕುರಿತು (1–5), ಶಿಷ್ಯರಿಗಾಗಿ (6–19), ಮುಂದೆ ನಂಬಲಿರುವವರಿಗಾಗಿ (20–26). ಅವರೆಲ್ಲರೂ ಒಂದಾಗಿರಲಿ ಎಂಬ ಬೇಡಿಕೆಯು ಕೊನೆಯ ಭಾಗದ ಮುಖ್ಯಾಂಶ. ಶಿಲುಬೆಯ ಮೇಲೆ ಯೇಸು ತನ್ನನ್ನು ಕೊಲ್ಲುವವರ ಕ್ಷಮೆಗಾಗಿ ಬೇಡುವ ಮಾತು ಲೂಕನ ಸುವಾರ್ತೆಯಲ್ಲಿ ಮಾತ್ರ ಇದೆ (23:34). ಕೆಲವು ಪ್ರಾಚೀನ ಹಸ್ತಪ್ರತಿಗಳಲ್ಲಿ ಅದು ಇಲ್ಲ. ಕಲ್ಲೇಟಿನಿಂದ ಸಾಯುವಾಗ ಸ್ತೆಫನನು ಇದೇ ಬಗೆಯಲ್ಲಿ ಪ್ರಾರ್ಥಿಸಿದನೆಂದು ಅಪೊಸ್ತಲರ ಕೃತ್ಯಗಳು ತಿಳಿಸುತ್ತದೆ (7:60).

ಪೌಲನ ಪತ್ರಗಳು

ಪೌಲನ ಪತ್ರಗಳಲ್ಲಿ ಬಹುಪಾಲು ಕೃತಜ್ಞತೆ ಮತ್ತು ಪ್ರಾರ್ಥನೆಯಿಂದ ಆರಂಭವಾಗುತ್ತವೆ. ಎಫೆಸ 1:15–23 ಮತ್ತು 3:14–21, ಫಿಲಿಪ್ಪಿ 1:9–11, ಕೊಲೊಸ್ಸೆ 1:9–12 ಇವುಗಳನ್ನು ಒಟ್ಟಾಗಿ ಓದಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಓದುಗರ ಕಷ್ಟಗಳು ತೊಲಗಲಿ, ಸಂಪತ್ತು ದೊರೆಯಲಿ ಎಂಬ ಬೇಡಿಕೆ ಇವುಗಳಲ್ಲಿಲ್ಲ. ಜ್ಞಾನ, ಪ್ರೀತಿ, ವಿವೇಚನೆ, ತಾಳ್ಮೆಗಳು ಹೆಚ್ಚಲಿ ಎಂಬುದೇ ಬೇಡಿಕೆ.

ಪೌಲನು ಪರರಿಗಾಗಿ ಪ್ರಾರ್ಥಿಸುವುದರ ಜೊತೆಗೆ ತನಗಾಗಿ ಪ್ರಾರ್ಥಿಸಿರೆಂದು ಸಭೆಗಳನ್ನು ಕೇಳಿಕೊಳ್ಳುತ್ತಾನೆ (ರೋಮಾ 15:30; 2 ಕೊರಿಂಥ 1:11; 1 ಥೆಸಲೋನಿಕ 5:25). ಹಳೆಯ ಒಡಂಬಡಿಕೆಯಲ್ಲಿ ಹೆಚ್ಚಾಗಿ ಪ್ರವಾದಿ ಅಥವಾ ನಾಯಕನು ವಹಿಸುತ್ತಿದ್ದ ಪಾತ್ರವು ಇಲ್ಲಿ ಸಾಮಾನ್ಯ ವಿಶ್ವಾಸಿಗಳೆಲ್ಲರ ಪರಸ್ಪರ ಹೊಣೆಯಾಗಿ ಹರಡಿಕೊಳ್ಳುತ್ತದೆ. ಕೊಲೊಸ್ಸೆಯ ಎಪಫ್ರನು ತನ್ನ ಊರಿನವರಿಗಾಗಿ ಪ್ರಾರ್ಥನೆಯಲ್ಲಿ ಹೋರಾಡುತ್ತಿದ್ದಾನೆಂಬ ಮಾತಿನಲ್ಲಿ (ಕೊಲೊಸ್ಸೆ 4:12) ಕುಸ್ತಿಯ ಕಣದ ಪದವನ್ನೇ ಬಳಸಲಾಗಿದೆ. ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರವು ಎಲ್ಲ ಮನುಷ್ಯರಿಗಾಗಿ, ವಿಶೇಷವಾಗಿ ಅರಸರಿಗಾಗಿ ಮತ್ತು ಅಧಿಕಾರಿಗಳಿಗಾಗಿ ಪ್ರಾರ್ಥಿಸಲು ಹೇಳುತ್ತದೆ (2:1–2). ಆ ಕಾಲದ ರೋಮನ್ ಅಧಿಕಾರಿಗಳು ಕ್ರೈಸ್ತರಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು.

ಯಾಕೋಬನ ಪತ್ರ

ಯಾಕೋಬನ ಪತ್ರದ 5:13–18 ಭಾಗವು ರೋಗಿಗಾಗಿ ಪ್ರಾರ್ಥಿಸುವ ಕ್ರಮವನ್ನು ವಿವರಿಸುತ್ತದೆ. ರೋಗಿಯು ಸಭೆಯ ಹಿರಿಯರನ್ನು ಕರೆಯಿಸಬೇಕು. ಅವರು ಎಣ್ಣೆ ಹಚ್ಚಿ ಪ್ರಾರ್ಥಿಸಬೇಕು. ವಿಶ್ವಾಸಿಗಳು ತಪ್ಪುಗಳನ್ನು ಪರಸ್ಪರ ಅರಿಕೆಮಾಡಿಕೊಂಡು ಒಬ್ಬರಿಗಾಗಿ ಒಬ್ಬರು ಬೇಡಬೇಕು. ಆ ಕಾಲದಲ್ಲಿ ಎಣ್ಣೆಯು ಔಷಧವೂ ಆಗಿತ್ತು. ಒಳ್ಳೆಯ ಸಮಾರ್ಯದವನ ಸಾಮತಿಯಲ್ಲಿ ಗಾಯಕ್ಕೆ ಎಣ್ಣೆ ಮತ್ತು ದ್ರಾಕ್ಷಾರಸ ಹಾಕುವುದನ್ನು ಇದಕ್ಕೆ ಹೋಲಿಸಬಹುದು (ಲೂಕ 10:34). ಇದೇ ಪತ್ರವು, ಬಟ್ಟೆಯೂ ಊಟವೂ ಇಲ್ಲದವನಿಗೆ ಏನನ್ನೂ ಕೊಡದೆ ಶುಭವಾಗಲಿ ಎಂದು ಹೇಳಿ ಕಳುಹಿಸುವುದನ್ನು ನಿಷ್ಪ್ರಯೋಜಕವೆಂದು ಟೀಕಿಸುತ್ತದೆ (2:15–16). ಎರಡನ್ನೂ ಕೂಡಿಸಿ ಓದಿದಾಗ, ನೆರವಿನ ಬದಲಿಗೆ ಪ್ರಾರ್ಥನೆ ಎಂಬ ನಿಲುವಿಗೆ ಈ ಪತ್ರದಲ್ಲಿ ಅವಕಾಶವಿಲ್ಲವೆಂಬುದು ತಿಳಿಯುತ್ತದೆ.

ಕ್ರಿಸ್ತನ ಮಧ್ಯಸ್ಥಿಕೆ

ಕ್ರಿಸ್ತನು ತನ್ನ ಮೂಲಕ ದೇವರ ಬಳಿಗೆ ಬರುವವರಿಗಾಗಿ ನಿರಂತರವಾಗಿ ವಿಜ್ಞಾಪನೆ ಮಾಡುತ್ತಾನೆಂದು ಇಬ್ರಿಯರಿಗೆ ಬರೆದ ಪತ್ರವು ಹೇಳುತ್ತದೆ (7:25). ರೋಮಾಪುರದವರಿಗೆ ಬರೆದ ಪತ್ರದ 8ನೆಯ ಅಧ್ಯಾಯದಲ್ಲಿ ಈ ಕಾರ್ಯವನ್ನು ಪವಿತ್ರಾತ್ಮನಿಗೂ (26–27) ಕ್ರಿಸ್ತನಿಗೂ (34) ಹೇಳಲಾಗಿದೆ. ಏನನ್ನು ಬೇಡಬೇಕೆಂದು ತಿಳಿಯದ ಸ್ಥಿತಿಯಲ್ಲಿ ಮಾತಿಗೆ ನಿಲುಕದ ನರಳಾಟವೇ ಪ್ರಾರ್ಥನೆಯಾಗುತ್ತದೆ ಎಂಬುದು ಅಲ್ಲಿನ ಆಶಯ. ಪ್ರಕಟನೆ ಗ್ರಂಥದಲ್ಲಿ ಭಕ್ತರ ಪ್ರಾರ್ಥನೆಗಳನ್ನು ಧೂಪಕ್ಕೆ ಹೋಲಿಸಲಾಗಿದೆ (5:8; 8:3–4).

ಈಡೇರದ ಪ್ರಾರ್ಥನೆಗಳು

ಪರರಿಗಾಗಿ ಮಾಡಿದ ಪ್ರಾರ್ಥನೆ ಫಲಿಸದ ಸಂದರ್ಭಗಳನ್ನು ಗ್ರಂಥವು ಮರೆಮಾಡುವುದಿಲ್ಲ. ರೋಗಪೀಡಿತ ಶಿಶುವಿಗಾಗಿ ದಾವೀದನು ಉಪವಾಸವಿದ್ದು ನೆಲದ ಮೇಲೆ ಬಿದ್ದು ಬೇಡಿದರೂ ಏಳನೆಯ ದಿನ ಶಿಶು ಸಾಯುತ್ತದೆ (2 ಸಮುವೇಲ 12:15–23). ತಾನು ಯೂದಾಯದ ವಿರೋಧಿಗಳಿಂದ ಪಾರಾಗಿ ಸಂತೋಷದಿಂದ ರೋಮಿಗೆ ಬರುವಂತೆ ಪ್ರಾರ್ಥಿಸಿರೆಂದು ಪೌಲನು ಕೇಳಿಕೊಂಡಿದ್ದನು. ಆದರೆ ಅವನು ಯೆರೂಸಲೇಮಿನಲ್ಲಿ ಬಂಧಿತನಾಗಿ, ಕೈಸರೈಯದಲ್ಲಿ ಎರಡು ವರ್ಷ ಸೆರೆಯಲ್ಲಿದ್ದು, ಕೈದಿಯಾಗಿ ರೋಮನ್ನು ತಲುಪುತ್ತಾನೆ (ಅಪೊಸ್ತಲರ ಕೃತ್ಯಗಳು 21–28). ಬೇಡಿದ್ದು ಬೇರೊಂದು ರೀತಿಯಲ್ಲಿ ಈಡೇರಿತು ಎಂದು ಕೆಲವು ವ್ಯಾಖ್ಯಾನಕಾರರು ಹೇಳುತ್ತಾರೆ. ದಾವೀದನ ಪ್ರಸಂಗಕ್ಕೆ ಅಂತಹ ಸಮಾಧಾನವನ್ನು ಗ್ರಂಥವು ಕೊಡುವುದಿಲ್ಲ. ಹೀಗಾಗಿ, ರೋಗಿ ಗುಣವಾಗದಿರುವುದು ಪ್ರಾರ್ಥಿಸಿದವರ ನಂಬಿಕೆಯ ಕೊರತೆಯಿಂದಲೇ ಎಂಬ ತೀರ್ಮಾನಕ್ಕೆ ಈ ಭಾಗಗಳು ಆಧಾರವಾಗುವುದಿಲ್ಲ.

ಪ್ರಾರ್ಥನೆಯ ಫಲವನ್ನು ಅಂಕಿಅಂಶಗಳಿಂದ ಅಳೆಯುವ ಪ್ರಯತ್ನಗಳೂ ನಡೆದಿವೆ. ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ 1872ರಲ್ಲಿ ಈ ಕುರಿತು ಪ್ರಬಂಧ ಪ್ರಕಟಿಸಿದರು. ಅಮೆರಿಕದಲ್ಲಿ ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಗೆ ಒಳಗಾದ 1,802 ರೋಗಿಗಳನ್ನು ಕುರಿತ ಅಧ್ಯಯನವು 2006ರಲ್ಲಿ ಪ್ರಕಟವಾಯಿತು. ತಮಗಾಗಿ ಪ್ರಾರ್ಥನೆ ನಡೆಯುತ್ತಿದೆಯೇ ಇಲ್ಲವೇ ಎಂದು ಖಚಿತವಾಗಿ ತಿಳಿಯದಿದ್ದ ಎರಡು ಗುಂಪುಗಳ ನಡುವೆ, ಶಸ್ತ್ರಚಿಕಿತ್ಸೆಯ ನಂತರದ ತೊಡಕುಗಳಲ್ಲಿ ಗಣನೀಯ ವ್ಯತ್ಯಾಸ ಕಂಡುಬರಲಿಲ್ಲ (ಪ್ರಾರ್ಥನೆ ಪಡೆದವರಲ್ಲಿ ಶೇ. 52, ಪಡೆಯದವರಲ್ಲಿ ಶೇ. 51). ಪ್ರಾರ್ಥನೆ ನಡೆಯುತ್ತಿದೆಯೆಂದು ಖಚಿತವಾಗಿ ತಿಳಿದಿದ್ದವರಲ್ಲಿ ತೊಡಕುಗಳ ಪ್ರಮಾಣ ಶೇ. 59ರಷ್ಟಿತ್ತು. ದೇವರನ್ನು ಪರೀಕ್ಷಿಸಬಾರದೆಂಬ ಬೈಬಲಿನ ಬೋಧನೆಯ (ಧರ್ಮೋಪದೇಶಕಾಂಡ 6:16, ಮತ್ತಾಯ 4:7) ಹಿನ್ನೆಲೆಯಲ್ಲಿ ಇಂತಹ ಪ್ರಯೋಗಗಳ ಔಚಿತ್ಯವನ್ನು ಧಾರ್ಮಿಕ ಚಿಂತಕರು ಪ್ರಶ್ನಿಸಿದ್ದಾರೆ.

ಪಂಥಗಳ ನಡುವಿನ ಭಿನ್ನತೆ

ಬದುಕಿರುವವರು ಒಬ್ಬರಿಗಾಗಿ ಒಬ್ಬರು ಪ್ರಾರ್ಥಿಸಬೇಕೆಂಬುದರಲ್ಲಿ ಕ್ರೈಸ್ತ ಪಂಥಗಳ ನಡುವೆ ಭಿನ್ನಾಭಿಪ್ರಾಯವಿಲ್ಲ. ಮೃತರಾದ ಸಂತರ ಮಧ್ಯಸ್ಥಿಕೆಯನ್ನು ಕೋರಬಹುದೇ ಎಂಬುದು ವಿವಾದದ ವಿಷಯ. ದೇವರಿಗೂ ಮನುಷ್ಯರಿಗೂ ನಡುವೆ ಕ್ರಿಸ್ತನೊಬ್ಬನೇ ಮಧ್ಯಸ್ಥನೆಂಬ ವಚನವನ್ನು (1 ತಿಮೊಥೆಯ 2:5) ಪ್ರೊಟೆಸ್ಟಂಟರು ಇದಕ್ಕೆ ವಿರುದ್ಧವಾಗಿ ಉದಾಹರಿಸುತ್ತಾರೆ. ಅದೇ ಅಧ್ಯಾಯದ ಆರಂಭದಲ್ಲಿಯೇ ಎಲ್ಲರಿಗಾಗಿ ವಿಜ್ಞಾಪನೆ ಮಾಡಲು ಹೇಳಿರುವುದರಿಂದ, ಇತರರ ಪ್ರಾರ್ಥನೆಯು ಕ್ರಿಸ್ತನ ಏಕೈಕ ಮಧ್ಯಸ್ಥಿಕೆಗೆ ಧಕ್ಕೆ ತರುವುದಿಲ್ಲವೆಂದು ಕಥೋಲಿಕರು ಮತ್ತು ಆರ್ಥೊಡಾಕ್ಸ್ ಸಭೆಗಳವರು ವಾದಿಸುತ್ತಾರೆ. ಅವರು ಮಕ್ಕಬಿಯರ ಎರಡನೆಯ ಗ್ರಂಥದಲ್ಲಿ ಮೃತನಾದ ಯೆರೆಮೀಯನು ಜನರಿಗಾಗಿ ಪ್ರಾರ್ಥಿಸುವ ದರ್ಶನವನ್ನೂ (15:12–16) ಮೃತರಿಗಾಗಿ ಪ್ರಾರ್ಥಿಸುವ ಪ್ರಸಂಗವನ್ನೂ (12:39–45) ಆಧಾರವಾಗಿ ನೀಡುತ್ತಾರೆ. ಪ್ರೊಟೆಸ್ಟಂಟ್ ಬೈಬಲಿನ ಗ್ರಂಥಮಾಲೆಯಲ್ಲಿ ಈ ಗ್ರಂಥ ಸೇರಿಲ್ಲ. ಸಂತರ ಮಧ್ಯಸ್ಥಿಕೆಯನ್ನು ಕೋರುವುದು ಒಳ್ಳೆಯದೂ ಉಪಯುಕ್ತವೂ ಆದದ್ದೆಂಬ ಕಥೋಲಿಕ ನಿಲುವನ್ನು ಟ್ರೆಂಟ್ ಮಹಾಸಭೆಯು 1563ರಲ್ಲಿ ದೃಢಪಡಿಸಿತು.

ಮೈಸೂರಿನಲ್ಲಿ

ಮೇಲಿನ ಎರಡು ಪರಂಪರೆಗಳನ್ನೂ ಹತ್ತಿರದಿಂದ ಕಾಣಬಹುದಾದ ಪ್ರದೇಶಗಳಲ್ಲಿ ಮೈಸೂರು ನಗರದ ಮಂಡಿ ಮೊಹಲ್ಲಾ ಮತ್ತು ಅದಕ್ಕೆ ಸಮೀಪದ ಲಷ್ಕರ್ ಮೊಹಲ್ಲಾ ಮುಖ್ಯವಾದವು.

ಮಂಡಿ ಮೊಹಲ್ಲಾದಲ್ಲಿರುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ವೆಸ್ಲಿಯನ್ ಮೆಥೊಡಿಸ್ಟ್ ಮಿಷನ್ 1906ರಲ್ಲಿ ಆರಂಭಿಸಿತು. ಜನರ ಬಾಯಲ್ಲಿ ಇದು ಮಿಷನ್ ಆಸ್ಪತ್ರೆ ಎಂದೇ ಪರಿಚಿತ. ಈಗ ಇದು ದಕ್ಷಿಣ ಭಾರತ ಸಭೆಗೆ (ಸಿ.ಎಸ್.ಐ.) ಸೇರಿದೆ. ಯಾಕೋಬನ ಪತ್ರವು ರೋಗಿಯ ಹಾಸಿಗೆಯ ಬಳಿ ಪ್ರಾರ್ಥನೆಯನ್ನೂ ಎಣ್ಣೆಯನ್ನೂ ಒಟ್ಟಿಗೆ ಇರಿಸಿದಂತೆ, ಪ್ರಾರ್ಥನೆ ಮತ್ತು ವೈದ್ಯಕೀಯ ಸೇವೆಗಳನ್ನು ಜೊತೆಯಾಗಿ ಕಾಣುವ ಕ್ರೈಸ್ತ ಮನೋಭಾವಕ್ಕೆ ಮಿಷನ್ ಆಸ್ಪತ್ರೆಗಳು ಸ್ಥಳೀಯ ನಿದರ್ಶನವಾಗಿವೆ.

ದಕ್ಷಿಣ ಭಾರತ ಸಭೆಯು ಆಂಗ್ಲಿಕನ್, ಮೆಥೊಡಿಸ್ಟ್ ಹಾಗೂ ದಕ್ಷಿಣ ಭಾರತ ಸಂಯುಕ್ತ ಸಭೆಗಳ ಐಕ್ಯದಿಂದ 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಸ್ಥಾಪನೆಯಾಯಿತು. ಎಲ್ಲರೂ ಒಂದಾಗಿರಲಿ ಎಂಬ ಯೋಹಾನ 17:21ರ ಬೇಡಿಕೆಯೇ ಅದರ ಧ್ಯೇಯವಾಕ್ಯ. ಹೀಗೆ, ಮುಂದೆ ನಂಬಲಿರುವವರಿಗಾಗಿ ಯೇಸು ಮಾಡಿದ ಪ್ರಾರ್ಥನೆಯೊಂದು ದಕ್ಷಿಣ ಭಾರತದ ಸಭೆಗಳು ತಮ್ಮ ಹಳೆಯ ಪ್ರತ್ಯೇಕತೆಯನ್ನು ಬಿಟ್ಟುಕೊಡಲು ಪ್ರೇರಣೆಯಾಯಿತು.

ಲಷ್ಕರ್ ಮೊಹಲ್ಲಾದಲ್ಲಿ ಅಶೋಕ ರಸ್ತೆಯ ಬಳಿ ಇರುವ ಸಂತ ಫಿಲೋಮಿನಾ ಪ್ರಧಾನಾಲಯವು ಕಥೋಲಿಕ ಪರಂಪರೆಗೆ ಸೇರಿದ್ದು. ಇದರ ಶಂಕುಸ್ಥಾಪನೆಯನ್ನು ನಾಲ್ವಡಿ ಕೃಷ್ಣರಾಜ ಒಡೆಯರು 1933ರ ಅಕ್ಟೋಬರ್ 28ರಂದು ನೆರವೇರಿಸಿದರು. ಸಂತಳ ಪವಿತ್ರ ಅವಶೇಷವನ್ನು ನೆಲಮಾಳಿಗೆಯಲ್ಲಿ ಇರಿಸಲಾಗಿದೆ. ಇಲ್ಲಿ ಸಂತ ಫಿಲೋಮಿನಾಳ ಮಧ್ಯಸ್ಥಿಕೆಯನ್ನು ಕೋರಿ ಮೇಣದಬತ್ತಿ ಹಚ್ಚುವವರಲ್ಲಿ ಕ್ರೈಸ್ತೇತರರೂ ಇರುತ್ತಾರೆ. ಕಥೋಲಿಕ ಆರಾಧನಾ ಪಂಚಾಂಗಗಳಿಂದ ಈ ಸಂತಳ ಹಬ್ಬವನ್ನು 1961ರಲ್ಲಿ ಕೈಬಿಡಲಾಯಿತಾದರೂ ಭಕ್ತರ ಗೌರವ ಮುಂದುವರಿದಿದೆ.

ಆರಾಧನೆಯಲ್ಲಿ

ಎರಡನೆಯ ವ್ಯಾಟಿಕನ್ ಮಹಾಸಭೆಯು ಆರಾಧನೆಯನ್ನು ಕುರಿತು 1963ರಲ್ಲಿ ಹೊರಡಿಸಿದ ಸಂವಿಧಾನದ 53ನೆಯ ಪರಿಚ್ಛೇದವು, ಬಲಿಪೂಜೆಯಲ್ಲಿ ವಿಶ್ವಾಸಿಗಳ ಪ್ರಾರ್ಥನೆಯನ್ನು ಪುನಃಸ್ಥಾಪಿಸಬೇಕೆಂದು ಹೇಳಿತು. ಸಭೆಗಾಗಿ, ನಾಡನ್ನು ಆಳುವವರಿಗಾಗಿ, ಕಷ್ಟದಲ್ಲಿರುವವರಿಗಾಗಿ, ಸಮಸ್ತ ಮಾನವರಿಗಾಗಿ ಬೇಡಿಕೆಗಳನ್ನು ಒಬ್ಬರು ಓದುತ್ತಾರೆ. ಪ್ರತಿಯೊಂದಕ್ಕೂ ಜನರು ಒಕ್ಕೊರಲಿನಿಂದ ಸ್ಪಂದಿಸುತ್ತಾರೆ. ಶುಭ ಶುಕ್ರವಾರದ ಆರಾಧನೆಯಲ್ಲಿ ಇಂತಹ 10 ವಿಜ್ಞಾಪನೆಗಳಿದ್ದು, ಅವುಗಳಲ್ಲಿ ಯೆಹೂದ್ಯರಿಗಾಗಿ, ಕ್ರಿಸ್ತನನ್ನು ನಂಬದವರಿಗಾಗಿ ಹಾಗೂ ದೇವರನ್ನೇ ನಂಬದವರಿಗಾಗಿ ಮಾಡುವ ಬೇಡಿಕೆಗಳೂ ಸೇರಿವೆ. ದಕ್ಷಿಣ ಭಾರತ ಸಭೆಯ ಪ್ರಭುಭೋಜನದ ಆರಾಧನಾ ಕ್ರಮದಲ್ಲಿಯೂ ಸಾಮೂಹಿಕ ವಿಜ್ಞಾಪನೆಗಳಿಗೆ ನಿಶ್ಚಿತ ಸ್ಥಾನವಿದೆ.

ಅಧ್ಯಯನ ಕ್ರಮ

ಪರರಿಗಾಗಿ ಪ್ರಾರ್ಥನೆಯ ಭಾಗಗಳನ್ನು ಅಧ್ಯಯನ ಮಾಡುವಾಗ ಪ್ರತಿಯೊಂದು ಪ್ರಸಂಗಕ್ಕೂ ಈ ಪ್ರಶ್ನೆಗಳನ್ನು ಅನ್ವಯಿಸಿ ನೋಡಬಹುದು:

1. ಪ್ರಾರ್ಥಿಸುವವರು ಯಾರು? ಯಾರಿಗಾಗಿ ಪ್ರಾರ್ಥಿಸುತ್ತಾರೆ? ಅವರಿಬ್ಬರ ಸಂಬಂಧ ಎಂತಹುದು?
2. ನಿಖರವಾಗಿ ಏನನ್ನು ಬೇಡಲಾಗಿದೆ?
3. ಬೇಡಿಕೆಗೆ ಯಾವ ಆಧಾರವನ್ನು ಮುಂದಿಡಲಾಗಿದೆ?
4. ಪ್ರಾರ್ಥಿಸುವವರು ತಾವಾಗಿ ಏನನ್ನು ಮಾಡುತ್ತಾರೆ ಅಥವಾ ಕಳೆದುಕೊಳ್ಳಲು ಸಿದ್ಧರಿರುತ್ತಾರೆ?
5. ಪರಿಣಾಮವೇನು? ಅದು ಬೇಡಿದ್ದಕ್ಕೆ ಪೂರ್ತಿಯಾಗಿ ಹೊಂದುತ್ತದೆಯೇ?

ಉದಾಹರಣೆಗೆ, ವಿಮೋಚನಕಾಂಡದ 32ನೆಯ ಅಧ್ಯಾಯಕ್ಕೆ ಈ ಪ್ರಶ್ನೆಗಳನ್ನು ಅನ್ವಯಿಸಿದರೆ ಹೀಗೆ ಉತ್ತರ ದೊರೆಯುತ್ತದೆ: ನಾಯಕನು ತನಗೆ ಅವಿಧೇಯರಾದ ಜನರಿಗಾಗಿ ಬೇಡುತ್ತಾನೆ, ನಾಶ ತಪ್ಪಲಿ ಎಂಬುದೂ ಕ್ಷಮೆ ದೊರೆಯಲಿ ಎಂಬುದೂ ಬೇಡಿಕೆ, ಆಧಾರವು ದೇವರ ಹಿಂದಿನ ಕಾರ್ಯ ಮತ್ತು ವಾಗ್ದಾನ, ಅವನು ತನ್ನ ಹೆಸರನ್ನೇ ಒತ್ತೆಯಿಡುತ್ತಾನೆ, ನಾಶ ತಪ್ಪಿದರೂ ಶಿಕ್ಷೆ ಪೂರ್ತಿಯಾಗಿ ತಪ್ಪುವುದಿಲ್ಲ (32:35).

ಒಂದು ವಚನವನ್ನು ಸಂದರ್ಭದಿಂದ ಬೇರ್ಪಡಿಸಿ ಓದುವುದರಿಂದ ತಪ್ಪು ಗ್ರಹಿಕೆ ಉಂಟಾಗಬಹುದು. ನಂಬಿಕೆಯ ಪ್ರಾರ್ಥನೆಯು ರೋಗಿಯನ್ನು ರಕ್ಷಿಸುವುದೆಂಬ ಯಾಕೋಬ 5:15ನ್ನು 2 ಸಮುವೇಲ 12ರ ಜೊತೆಯಲ್ಲಿಯೂ, ಪ್ರಾರ್ಥಿಸಬೇಡವೆಂಬ ಯೆರೆಮೀಯ 7:16ನ್ನು ಅದೇ ಗ್ರಂಥದ 29:7ರ ಜೊತೆಯಲ್ಲಿಯೂ ಇಟ್ಟು ಓದುವುದು ಸೂಕ್ತ. ಕಥನ, ಕೀರ್ತನೆ, ಪ್ರವಾದನೆ, ಪತ್ರ ಎಂಬ ಸಾಹಿತ್ಯ ಪ್ರಕಾರಗಳ ವ್ಯತ್ಯಾಸವನ್ನೂ ಗಮನಿಸಬೇಕು. ಕಥನವು ಒಬ್ಬ ವ್ಯಕ್ತಿಯು ಮಾಡಿದ್ದನ್ನು ನಿರೂಪಿಸುತ್ತದೆಯೇ ಹೊರತು ಅದನ್ನೆಲ್ಲ ನಿಯಮವೆಂದು ವಿಧಿಸುವುದಿಲ್ಲ. ಒಂದಕ್ಕಿಂತ ಹೆಚ್ಚು ಕನ್ನಡ ಅನುವಾದಗಳನ್ನು ಹೋಲಿಸಿ ನೋಡುವುದರಿಂದ ವಿಜ್ಞಾಪನೆ, ಮನವಿ, ಪ್ರಾರ್ಥನೆ ಎಂಬ ಪದಗಳು ಎಲ್ಲೆಲ್ಲಿ ಪರಸ್ಪರ ಬದಲಾಗುತ್ತವೆ ಎಂಬುದು ತಿಳಿಯುತ್ತದೆ.